ಅಲ್ಯೂಮಿನಿಯಂ ಚಿಪ್ಸ್ ಬೇರ್ಪಡಿಸುವುದು ಹೇಗೆ?

ತುಮಕೂರಿನ ವಸಂತನರಸಾಪುರದಂಥ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟವರಿಗೆ ಅಲ್ಯೂಮಿನಿಯಂ ಚಿಪ್ಸ್ (ಯಂತ್ರದಲ್ಲಿ ಲೋಹ ಕೊರೆಯುವಾಗ ಬೀಳುವ ಚೂರು) ಅಂದರೆ ಸಂಜೆ ಗುಡಿಸಿ ಡ್ರಮ್ಮಿಗೆ ಹಾಕುವ ಗುಜರಿ, ಅಷ್ಟೇ ಅಲ್ವಾ? ಅದನ್ನು ಕರಗಿಸಿ ಮಾಡುವ ಲೋಹ ಕೆಡುವುದು ಬಹಳ ಸಲ ಭಟ್ಟಿಯಲ್ಲಲ್ಲ, ಈ ಡ್ರಮ್ಮಿನಲ್ಲಿ.

ಮೊದಲ ಕೆಲಸ, ಗ್ರೇಡ್, ಅಂದರೆ ಮಿಶ್ರಲೋಹದ ಬಗೆ, ಬೇರೆ ಮಾಡುವುದು. 6061 ಎಂಬ ಗ್ರೇಡ್‌ನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಮುಖ್ಯ. 7075ರಲ್ಲಿ ಸತುವೇ ಶೇ 5ಕ್ಕಿಂತ ಜಾಸ್ತಿ, ಜೊತೆಗೆ ತಾಮ್ರ. 6061ರಲ್ಲಿ ಸತು ಶೇ 0.25 ದಾಟುವಂತಿಲ್ಲ. ಎರಡೂ ಬೆರೆತರೆ ಲೆಕ್ಕ ತಪ್ಪಿತು. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಆಮೇಲೆ ಆರಿಸಲು ಆಗದು. ಜಾಬ್ ಬದಲಾದಾಗಲೇ ಟ್ರೇ ಖಾಲಿ ಮಾಡಿ, ಡ್ರಮ್ಮಿನ ಮೇಲೆ ಗ್ರೇಡ್ ಬರೆಯಿರಿ.

ಆಮೇಲೆ ಮ್ಯಾಗ್ನೆಟ್ ಆಡಿಸಿ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಬೇಡಿ. ಕಬ್ಬಿಣ ಒಮ್ಮೆ ಕರಗಿ ಸೇರಿದರೆ ತೆಗೆಯುವುದು ತುಂಬಾ ಕಷ್ಟ. ಸಿಲಿಕಾನ್ ಇರುವ ಲೋಹದಲ್ಲಿ ಅದು ತೆಳು ಹರಳಾಗಿ ಕೂರುತ್ತದೆ, ಸೂಕ್ಷ್ಮದರ್ಶಕದಲ್ಲಿ ಸೂಜಿಯಂತೆ ಕಾಣುತ್ತದೆ. ಎಳೆದಾಗ ಬಿರುಕು ಶುರುವಾಗುವುದು ಅಲ್ಲಿಂದಲೇ. ಮ್ಯಾಂಗನೀಸ್ ಹಾಕಿ ಆ ಆಕಾರ ಬದಲಿಸಬಹುದು, ಕಬ್ಬಿಣ ಒಳಗೇ ಉಳಿಯುತ್ತದೆ. ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬುವುದು) ಮಾಡುವವರ ಕಥೆ ಬೇರೆ. ಲೋಹ ಅಚ್ಚಿಗೆ ಅಂಟದಿರಲು ಅವರಿಗೆ ಸ್ವಲ್ಪ ಕಬ್ಬಿಣ ಬೇಕು. ಅವರು ಬಳಸುವ ಎಡಿಸಿ12 ಎಂಬ ಮಿಶ್ರಲೋಹದಲ್ಲಿ ಶೇ 1.3ರವರೆಗೂ ನಡೆಯುತ್ತದೆ. ಬೆರಕೆ ಗುಜರಿ ಹೆಚ್ಚಾಗಿ ಇಂಥ ಎರಕಕ್ಕೇ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನ ಕೆಲವು ಬಗೆ ಮ್ಯಾಗ್ನೆಟ್‌ಗೆ ಸಿಗುವುದಿಲ್ಲ, ಅದನ್ನು ಕೈಯಲ್ಲೇ ಆರಿಸಬೇಕು.

ಕೂಲಂಟ್ (ಕೊರೆಯುವಾಗ ತಂಪಿಗೆ ಹಾಯಿಸುವ ದ್ರವ) ಪೂರ್ತಿ ಬಸಿದು ಒಣಗಿಸಿ. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದೇ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಒದ್ದೆ ಚಿಪ್ಸ್ ಕರಗಿದ ಲೋಹಕ್ಕೆ ಬಿದ್ದರೆ ಸ್ಫೋಟವೇ ಆಗಬಹುದು. ಒದ್ದೆ ಪುಡಿ ಇರುವ ಡ್ರಮ್ಮಿಗೆ ಬಿಗಿ ಮುಚ್ಚಳವೂ ಬೇಡ, ಅದರಿಂದಲೂ ಹೈಡ್ರೋಜನ್ ಬರುತ್ತದೆ.

ಕರಗಿಸುವುದನ್ನು ಭಟ್ಟಿಯವರಿಗೇ ಬಿಡಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತೆಳು ಚಿಪ್ಸ್ ಮೇಲೆ ತೇಲಿ ಉರಿದುಹೋಗುವುದೇ ಜಾಸ್ತಿ, ಅದಕ್ಕೇ ಒತ್ತಿ ಇಟ್ಟಿಗೆ ಮಾಡಿ ಹಾಕುವುದು ಒಳ್ಳೆಯದು. ಎರಕಕ್ಕೆ ಮುಂಚೆ ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸಿ ಹೈಡ್ರೋಜನ್ ಹೊರಗೆ ಹಾಕಬೇಕು.

ಮರುಬಳಕೆಯದು ಅಂದ ಮಾತ್ರಕ್ಕೆ ಬಲ ಕಡಿಮೆ ಅಲ್ಲ. ಮಿಶ್ರಣದ ಪ್ರಮಾಣ ಸರಿಯಿದ್ದು, ತೂತು, ಕಸ ಇಲ್ಲದೆ, ಹೀಟ್ ಟ್ರೀಟ್‌ಮೆಂಟ್ (ಬಲ ಬರಲು ಲೆಕ್ಕವಾಗಿ ಕಾಯಿಸಿ ತಣಿಸುವುದು) ಸರಿಯಾಗಿ ಆದರೆ ಹೊಸ ಲೋಹದಷ್ಟೇ ಗಟ್ಟಿ. ಮರುಬಳಕೆಗೆ, ಅದಿರಿನಿಂದ ತೆಗೆಯುವುದಕ್ಕೆ ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟೇ ಸಾಕು. ಇಂಗಟ್ (ಕರಗಿಸಿ ಎರಕ ಹೊಯ್ದ ಗಟ್ಟಿ) ಕೊಳ್ಳುವವರು ಸ್ಪೆಕ್ಟ್ರೋ ರಿಪೋರ್ಟ್, ಅಂದರೆ ಯಾವ ಲೋಹ ಎಷ್ಟಿದೆ ಎಂಬ ಪರೀಕ್ಷೆಯ ವರದಿ, ಕೇಳಿ, ಮೊದಲು ಕಬ್ಬಿಣ, ಸತು, ತಾಮ್ರದ ಸಾಲು ನೋಡಿ.