ಪಾರ್ಕ್ ಪಕ್ಕದ ರಿಪೇರಿ ಸಂತೆ: ನನ್ನ ಅನುಭವ

ತಿಂಗಳಿಗೊಂದು ಭಾನುವಾರ ಬೀದಿಯ ಕಸುಬುದಾರರು ಒಂದೇ ಜಾಗದಲ್ಲಿ ಕೂತು ಮನೆ ಸಾಮಾನು ರಿಪೇರಿ ಮಾಡುವ ಸಂತೆ ನಮ್ಮದು. ಹೋದ ತಿಂಗಳ ಸಂತೆಯಲ್ಲಿ ರಿಪೇರಿಗೆ 71 ಟೋಕನ್ ಹೋದವು. ಕುಕ್ಕರ್ 19, ಮಿಕ್ಸಿ 14, ಛತ್ರಿ ಹತ್ತೋ ಹನ್ನೊಂದೋ. ಉಳಿದದ್ದು ಚಾಕು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಹಿತ್ತಾಳೆ ಪಾತ್ರೆ. ಬೆಂಗಳೂರಿನ ಬನಶಂಕರಿ ಕಡೆಯ ನಮ್ಮ ಬಡಾವಣೆಯಲ್ಲಿ ಪರಿಸರ ಅಂತ ಕಾರ್ಯಕ್ರಮ ಇಟ್ಟರೆ ಇಪ್ಪತ್ತು ಜನ ಸೇರೋದಿಲ್ಲ ಅಂತ ಹೇಳಿದವರೇ ಈಗ ಏಳು ಗಂಟೆಗೆ ಮುಂಚೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಅದರ ಹೆಮ್ಮೆ ಇದೆ. ಬೇರೆ ಬಡಾವಣೆಯ ಸಂಘದವರು ಫೋನ್ ಮಾಡಿ "ಹೇಗೆ ಮಾಡಿದ್ರಿ ಮೇಡಂ?" ಅಂತ ಕೇಳ್ತಾನೇ ಇರುತ್ತಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಹಸಿ ಕಸ, ಒಣ ಕಸ, ಕಾಂಪೋಸ್ಟ್ ಎಲ್ಲ ನಿಮಗೆ ಗೊತ್ತಿರೋದೇ. ಆ ಪಾಠ ಇಲ್ಲಿ ಮಾಡೋದಿಲ್ಲ.

ಮೊದಲು ಸೋತಿದ್ದನ್ನು ಹೇಳುತ್ತೇನೆ. 2018ರ ಜೂನ್ 5ಕ್ಕೆ, ವಿಶ್ವ ಪರಿಸರ ದಿನಕ್ಕೆ ಅಂತ, ಕಲ್ಯಾಣ ಮಂಟಪದ ಸಣ್ಣ ಹಾಲ್ ಹಿಡಿದೆವು. ಬಾಡಿಗೆ ಆರು ಸಾವಿರ. ಮೈಕ್, ಕುರ್ಚಿ, ಕಾಫಿ ತಿಂಡಿ, ಕರಪತ್ರ ಸೇರಿ ಒಟ್ಟು ಹದಿನಾಲ್ಕು ಸಾವಿರದ ಹತ್ತಿರ ಖರ್ಚು. ಒಳ್ಳೆ ಭಾಷಣಕಾರರನ್ನೇ ಕರೆಸಿದ್ದೆವು. ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ಕು ಜನ ನಮ್ಮ ಸಂಘದವರೇ. ಅರವತ್ತು ತಿಂಡಿ ಪೊಟ್ಟಣ ಉಳಿದು, ಅದನ್ನು ಹಂಚೋಕೆ ಸಂಜೆವರೆಗೆ ಓಡಾಡಿದೆವು.

ಮುಂದಿನ ವರ್ಷ ಬಟ್ಟೆ ಅದಲು ಬದಲು ಮಾಡಿದೆವು. ಜನ ಬಂದರು, ಆದರೆ ತಂದಿದ್ದು ಹರಿದ ನೈಟಿ, ಬಣ್ಣ ಹೋದ ಬೆಡ್‌ಶೀಟು. ಕೊಡುವವರೇ ಎಲ್ಲ, ತಗೊಳ್ಳುವವರು ಯಾರೂ ಇಲ್ಲ. ಕೊನೆಗೆ ಮೂಟೆಗಟ್ಟಲೆ ಬಟ್ಟೆ ನಮ್ಮ ಗ್ಯಾರೇಜಿನಲ್ಲಿ ಬಿತ್ತು. ಸುಮಾರು 140 ಕೆಜಿ ಇತ್ತು. ಅದನ್ನು ಸಾಗಿಸೋಕೆ ಟೆಂಪೊಗೆ ಎರಡು ಸಾವಿರ ಕೊಟ್ಟೆ. ಆಮೇಲೆ ಕೊರೊನಾ ಬಂತು, ಎಲ್ಲ ನಿಂತಿತು. ಸಂಘದ ಹಿರಿಯರೊಬ್ಬರು "ಮೇಡಂ, ಇದು ನಮ್ಮ ಲೇಔಟಿಗೆ ಒಗ್ಗೋದಿಲ್ಲ, ಗಣೇಶ ಹಬ್ಬ, ರಾಜ್ಯೋತ್ಸವ ಚೆನ್ನಾಗಿ ಮಾಡೋಣ, ಸಾಕು" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಲೆಕ್ಕದ ಪುಸ್ತಕ ಅವರ ಹತ್ತಿರವೇ ಇತ್ತು.

ಆದರೆ ನನಗೆ ಬಿಡೋಕೆ ಆಗಲಿಲ್ಲ. 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಪಕ್ಕದ ಹಳ್ಳಿ ಮಂಡೂರಿನ ಜನ ನಮ್ಮ ಊರಿನ ಕಸದ ಲಾರಿ ಬೇಡ ಅಂತ ರಸ್ತೆಗಿಳಿದಿದ್ದು ನಿಮಗೆಲ್ಲ ನೆನಪಿರುತ್ತೆ. ನಮ್ಮ ಮನೆಯ ಬಕೆಟ್ ಇನ್ನೊಬ್ಬರ ಊರಿನ ಬಾವಿಗೆ ಹೋಗಿ ಸೇರುತ್ತೆ ಅನ್ನೋದು ಆಗ ಮನಸ್ಸಿಗೆ ನಾಟಿತ್ತು.

ದಾರಿ ಕಂಡಿದ್ದು ಸಾಣೆ ಹಿಡಿಯುವ ಒಬ್ಬರಿಂದ. 2021ರ ಕೊನೆಯಲ್ಲಿ ಒಂದು ಮಧ್ಯಾಹ್ನ ಅವರು ಸೈಕಲ್ ನಿಲ್ಲಿಸಿ ನಮ್ಮ ಗೇಟಿನ ಹತ್ತಿರ ನೀರು ಕೇಳಿದರು. ಬೆಳಗ್ಗೆಯಿಂದ 150 ರೂಪಾಯಿ ಆಗಿದೆ ಅಕ್ಕ ಅಂದರು. ಮೊದಲು ಕೂಗಿದರೆ ಮನೆಮನೆಯಿಂದ ಚಾಕು ತರುತ್ತಿದ್ದರಂತೆ. ಈಗ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಗೆ ಕೂಗು ಕೇಳೋದಿಲ್ಲ, ಸೆಕ್ಯುರಿಟಿ ಒಳಗೆ ಬಿಡೋದಿಲ್ಲ. ಅದೇ ವಾರ ನಮ್ಮ ಎದುರು ಅಪಾರ್ಟ್‌ಮೆಂಟಿನ ಹುಡುಗಿ ಹಿಡಿ ಸಡಿಲವಾದ ಒಳ್ಳೆ ಕುಕ್ಕರನ್ನು ಒಣ ಕಸಕ್ಕೆ ಹಾಕಿದ್ದಳು. "ಯಾರು ರಿಪೇರಿ ಮಾಡ್ತಾರೆ ಆಂಟಿ?" ಅಂತ ನನ್ನನ್ನೇ ಕೇಳಿದಳು. ಮಾಡುವವರು ಇದ್ದಾರೆ, ಮಾಡಿಸುವವರೂ ಇದ್ದಾರೆ. ನಡುವೆ ಗೇಟ್ ಬಂದುಬಿಟ್ಟಿದೆ ಅಷ್ಟೆ. ನಾನು ಮಾಡಿದ್ದು ಅವರಿಬ್ಬರನ್ನು ತಿಂಗಳಿಗೆ ಒಂದು ದಿನ ಒಂದೇ ಜಾಗಕ್ಕೆ ತಂದಿದ್ದು.

ರಿಪೇರಿ ಕೆಫೆ ಅಂತ 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿನಲ್ಲೂ 2015ರಿಂದ ಇದೆ. ಅಲ್ಲಿ ಸ್ವಯಂಸೇವಕರು ಕೂತು ಜನರಿಗೆ ಕಲಿಸುತ್ತಾ ರಿಪೇರಿ ಮಾಡಿಸುತ್ತಾರೆ. ಒಳ್ಳೆ ಕೆಲಸ. ನಾನು ಮಾತ್ರ ಬೇರೆ ದಾರಿ ಹಿಡಿದೆ. ನನಗೆ ಬೀದಿಯ ಕಸುಬುದಾರರೇ ಬೇಕಿತ್ತು, ಅವರಿಗೆ ಪೂರಾ ಕೂಲಿ ಸಿಗಬೇಕಿತ್ತು. ಪುಕ್ಕಟೆ ಮಾಡಿದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ, ಅಲ್ವಾ?

ಜಾಗದ್ದೇ ಮೊದಲ ತಲೆನೋವು. ಪಾರ್ಕಿನ ಒಳಗೆ ಮಾಡೋಕೆ ಅರ್ಜಿ ಹಿಡಿದು ಸಂಬಂಧಪಟ್ಟ ಕಚೇರಿಗೆ ಐದು ಸಲ ಹೋದೆ. ಈ ಟೇಬಲ್ಲಿಂದ ಆ ಟೇಬಲ್ಲಿಗೆ ಕಳಿಸಿದರೇ ಹೊರತು ಉತ್ತರ ಕೊಡಲಿಲ್ಲ. ಕೊನೆಗೆ ಪಾರ್ಕಿನ ಪಕ್ಕದ ಖಾಲಿ ಸೈಟಿನ ಮಾಲೀಕರನ್ನು ಕೇಳಿದೆ. ಸೈಟಿನ ಕಳೆ ಕಿತ್ತು ಸ್ವಚ್ಛವಾಗಿ ಇಡ್ತೀವಿ ಅಂತ ಮಾತು ಕೊಟ್ಟೆ. ತಕ್ಷಣ ಒಪ್ಪಿದರು. ನೀವೂ ಹೀಗೆ ಕೇಳಿ ನೋಡಿ. ಖಾಲಿ ಸೈಟಿನವರಿಗೆ ಕಸ ಸುರಿಯುವವರದ್ದೇ ದೊಡ್ಡ ಕಾಟ.

2022ರ ಫೆಬ್ರವರಿಯ ಎರಡನೇ ಭಾನುವಾರ ಮೊದಲ ಸಂತೆ. ಬೆಳಗ್ಗೆ ಏಳರಿಂದ ಹನ್ನೊಂದು. ವಾಕಿಂಗ್‌ನವರು ಇರುವ ಹೊತ್ತು ಅದು. ಕುಕ್ಕರ್-ಸ್ಟವ್, ಮಿಕ್ಸಿ-ಫ್ಯಾನ್, ಛತ್ರಿ-ಚಪ್ಪಲಿ, ಸಾಣೆ, ಹೀಗೆ ನಾಲ್ಕು ಜನ. ಒಬ್ಬೊಬ್ಬರಿಗೆ 800 ರೂಪಾಯಿ ಗ್ಯಾರಂಟಿ ಅಂದಿದ್ದೆ. ಅಷ್ಟು ದುಡಿಮೆ ಆಗದಿದ್ದರೆ ಉಳಿದದ್ದನ್ನು ನಾನು ತುಂಬಬೇಕು. ಆ ದಿನ ಕೈಯಿಂದ 1,900 ಹೋಯಿತು. ಎರಡನೇ ತಿಂಗಳು ಸಾವಿರದ ಚಿಲ್ಲರೆ. ನಾಲ್ಕನೇ ತಿಂಗಳಿಂದ ಒಂದು ರೂಪಾಯಿಯೂ ತುಂಬಿಲ್ಲ. ಈಗ ಕುಕ್ಕರ್‌ನವರು ನಾಲ್ಕು ಗಂಟೆಯಲ್ಲಿ ಕಮ್ಮಿ ಅಂದರೂ 1,500 ದುಡಿದುಕೊಂಡು ಹೋಗುತ್ತಾರೆ. ಹೊಸದಾಗಿ ಶುರು ಮಾಡುವವರು ಈ ಗ್ಯಾರಂಟಿ ದುಡ್ಡನ್ನು ಮೊದಲೇ ಎತ್ತಿಡಿ. ಹತ್ತು ಸಾವಿರ ಇದ್ದರೆ ಧೈರ್ಯವಾಗಿ ಆರು ತಿಂಗಳು ತಳ್ಳಬಹುದು.

ಎಡವಿದ್ದು ಒಂದೆರಡಲ್ಲ. ಮೊದಲ ದಿನವೇ ಮೂಲೆಮನೆಯಿಂದ ಕರೆಂಟ್ ಎಳೆದಿದ್ದೆವು. ವೈಂಡಿಂಗ್ ಸುಟ್ಟ ಒಂದು ಮಿಕ್ಸಿ ಹಾಕಿದ ಕೂಡಲೇ ಆ ಮನೆಯ ಕರೆಂಟೇ ಟ್ರಿಪ್ ಆಯಿತು. ಮೇಲಿನ ಬಾಡಿಗೆಯವರ ಮಗುವಿಗೆ ಆನ್‌ಲೈನ್ ಪರೀಕ್ಷೆ ನಡೀತಿತ್ತು. ಕೈ ಮುಗಿದು ಕ್ಷಮೆ ಕೇಳಿದೆ. ಮುಂದಿನ ಸಲಕ್ಕೆ ಸೀರೀಸ್ ಬಲ್ಬಿನ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬಿನ ಮೂಲಕವೇ ಸಾಮಾನಿಗೆ ಹೋಗುವ ಬೋರ್ಡ್ ಮಾಡಿಸಿದೆ, 350 ರೂಪಾಯಿ ಆಯಿತು. ಏನೇ ಬರಲಿ, ಮೊದಲು ಅದರಲ್ಲಿ ಹಾಕಿ ನೋಡಬೇಕು. ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿದರೆ ಒಳಗೆ ಶಾರ್ಟ್ ಇರಬಹುದು ಅಂತ ಲೆಕ್ಕ. ಆಮೇಲೆ ಒಂದು ಸಲವೂ ಟ್ರಿಪ್ ಆಗಿಲ್ಲ.

ಗ್ಯಾಸ್ಕೆಟ್ ವಿಷಯದಲ್ಲೂ ದುಡ್ಡು ಕಳೆದೆ. ಹೋಲ್‌ಸೇಲ್‌ನಲ್ಲಿ ಕಮ್ಮಿಗೆ ಸಿಗುತ್ತೆ ಅಂತ ನಲವತ್ತು ಗ್ಯಾಸ್ಕೆಟ್ ಒಟ್ಟಿಗೆ ತಂದೆ. ಹಾಕಿನ್ಸ್‌ನಂತೆ ಮುಚ್ಚಳ ಒಳಗೆ ಕೂರುವ ಕುಕ್ಕರಿಗೆ ಬೇರೆ, ಹೊರಗಿನಿಂದ ತಿರುಗಿಸುವ ಮುಚ್ಚಳಕ್ಕೆ ಬೇರೆ. ಲೀಟರಿನ ಮೇಲೆ ಅಳತೆಯೂ ಬದಲಾಗುತ್ತೆ. ತಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವುದಕ್ಕೂ ಹೊಂದಲಿಲ್ಲ. ಈಗ ಸಂತೆಯ ಹಿಂದಿನ ಬುಧವಾರದ ಒಳಗೆ ಕುಕ್ಕರಿನ ಹೆಸರು, ಲೀಟರ್ ಬರೆಸಿಕೊಂಡು ಅಷ್ಟನ್ನೇ ತರಿಸುತ್ತೇನೆ. ಮಿಕ್ಸಿಯ ಕಾರ್ಬನ್ ಬ್ರಷ್, ಕಪ್ಲರ್, ಜಾರಿನ ಬುಷ್, ಫ್ಯಾನಿನ ಕೆಪಾಸಿಟರ್ ಮಾತ್ರ ಬೆಂಗಳೂರಿನ ಎಲೆಕ್ಟ್ರಿಕಲ್ ಸಾಮಾನಿನ ಪೇಟೆಯಾದ ಎಸ್.ಪಿ. ರೋಡಿನಿಂದ ತಂದು ಇಟ್ಟುಕೊಂಡಿರುತ್ತೇನೆ. ಅವು ಹೇಗೂ ಖರ್ಚಾಗುತ್ತವೆ.

ಬಿಟ್ಟು ಹೋಗುವ ಸಾಮಾನು ಇನ್ನೊಂದು ಕಾಟ. "ಆಮೇಲೆ ಬಂದು ತಗೋತೀನಿ" ಅಂತ ಹೋದವರು ಬರಲೇ ಇಲ್ಲ. ಮೂರು ತಿಂಗಳಲ್ಲಿ ಹದಿನೇಳು ಮಿಕ್ಸಿ ನಮ್ಮ ಗ್ಯಾರೇಜಿನಲ್ಲಿ! ರಿಪೇರಿಯವರ ಕೂಲಿ ನಾನೇ ಕೊಟ್ಟಿದ್ದೆ. ಆಗ ಒಂದು ನಿಯಮ ಮಾಡಿದೆ: ಸಾಮಾನು ತಂದವರು ಅದು ಮುಗಿಯುವವರೆಗೆ ಪಕ್ಕದಲ್ಲೇ ಕೂರಬೇಕು. ಜನ ಕಮ್ಮಿ ಆಗ್ತಾರೆ ಅಂತ ಎಲ್ಲರೂ ಹೆದರಿಸಿದರು. ಆಗಿದ್ದೇ ಬೇರೆ. ಕೂತವರು ನೋಡಿದರು, ಮಕ್ಕಳು ಸ್ಕ್ರೂಡ್ರೈವರ್ ಹಿಡಿದರು, ಪಕ್ಕದ ಬೀದಿಯವರ ಪರಿಚಯ ಆಯಿತು. ನಾಲ್ಕು ಭಾಷಣದಲ್ಲಿ ಆಗದ ಕೆಲಸ ಒಂದು ಬೆಂಚಿನಲ್ಲಿ ಆಯಿತು. ನನ್ನ ಮಟ್ಟಿಗೆ ಸಂತೆ ಗೆದ್ದಿದ್ದು ಈ ನಿಯಮದಿಂದಲೇ.

ಚೌಕಾಸಿಯೂ ಇತ್ತು. "ಹೊಸ ಇಸ್ತ್ರಿ ಪೆಟ್ಟಿಗೆಯೇ 600ಕ್ಕೆ ಬರುತ್ತೆ, ರಿಪೇರಿಗೆ 180 ಯಾಕೆ?" ಅಂತ ಒಬ್ಬರು ಜೋರು ಮಾಡಿದರು. ಮಿಕ್ಸಿ ರಿಪೇರಿಯವರು ಮುಖ ಸಣ್ಣ ಮಾಡಿಕೊಂಡರು. ಅವತ್ತು ನನಗೆ ತುಂಬಾ ಬೇಜಾರಾಯಿತು. ಈಗ ಕಪ್ಪು ಹಲಗೆಯಲ್ಲಿ ಕೂಲಿ ಬರೆದು ನಿಲ್ಲಿಸಿರುತ್ತೇವೆ. ಪಾರ್ಟ್ಸಿನ ದುಡ್ಡು ಬೇರೆ, ತಂದ ಬೆಲೆಗೇ ಕೊಡೋದು. ಹಲಗೆ ನೋಡಿ ಒಪ್ಪಿಗೆ ಇದ್ದವರು ಮಾತ್ರ ಟೋಕನ್ ತಗೋಬೇಕು.

ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುವ ಕಲಾಯಿ ಸೇರಿಸಿದ್ದು ಎರಡನೇ ವರ್ಷ. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಎಷ್ಟು ಕೆಳಗಿಳಿದವು ಅಂದರೆ ನನಗೇ ನಂಬೋಕೆ ಆಗಲಿಲ್ಲ. ಅಜ್ಜಿಯ ಕಾಲದ ಬೋಗುಣಿ, ಸಾರಿನ ಪಾತ್ರೆ, ಬಿಸಿಬೇಳೆ ಬಾತಿನ ಕೊಳದಪ್ಪಲೆ. ಕಲಾಯಿಗೆ ಬೇಕಾದ್ದು ಇದ್ದಿಲು, ತಿದಿ, ಪಾತ್ರೆ ಶುದ್ಧ ಮಾಡುವ ನವಸಾಗರ, ತವರ. ಕಾದ ಪಾತ್ರೆಯ ಒಳಗೆ ತವರ ಹರಿದು ಬೆಳ್ಳಿಯ ಹಾಗೆ ಹೊಳೆಯೋದನ್ನು ನೋಡೋಕೇ ಐವತ್ತು ಜನ ಸುತ್ತ ನಿಂತಿದ್ದರು. ಆದರೆ ಹೊಗೆ ಪಾರ್ಕಿನ ಕಡೆ ಹೋಗಿ ವಾಕಿಂಗ್‌ನವರು ಜಗಳಕ್ಕೆ ಬಂದರು. ಅವರ ಮಾತು ಸರಿಯಾಗೇ ಇತ್ತು. ಈಗ ಕಲಾಯಿ ಸೈಟಿನ ಹಿಂದಿನ ಮೂಲೆಯಲ್ಲಿ, ಒಂಬತ್ತರ ನಂತರವೇ. ಇನ್ನೊಂದು ಮುಖ್ಯ ವಿಷಯ: ತವರವನ್ನು ನಾನೇ ತರುತ್ತೇನೆ. ಸೀಸ ಬೆರೆತ ತವರ ಅಗ್ಗಕ್ಕೆ ಸಿಗುತ್ತೆ, ಅದು ಅಡುಗೆ ಪಾತ್ರೆಗೆ ವಿಷ. ಶುದ್ಧ ತವರ ನಾನು ತಂದಾಗ ಕೆಜಿಗೆ ಮೂರು ಸಾವಿರದ ಆಸುಪಾಸು ಇತ್ತು. ಇಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಕಲಾಯಿಯವರು ಹಳೇ ಪೇಟೆ ಕಡೆಯಿಂದ ಬರುತ್ತಾರೆ. ಅವರನ್ನು ಪ್ರತಿ ತಿಂಗಳು ಬರೋಕೆ ಹೇಗೆ ಒಪ್ಪಿಸಿದೆ ಅನ್ನೋದನ್ನು ಬರೆಯೋದಿಲ್ಲ. ಅದು ನನ್ನ ಅವರ ನಡುವಿನ ಮಾತು.

ಸಂತೆಯಲ್ಲಿ ಟೀ ಕೊಡುವ ಟೇಬಲ್ಲಿಗಾಗಿ ನಾನು ಒಂದು ಪ್ರಯೋಗ ಮಾಡಿದೆ. ಪೇಪರ್ ಕಪ್ ಮಣ್ಣಲ್ಲಿ ಕರಗುತ್ತಲ್ಲ ಅಂತ ಎಲ್ಲರೂ ವಾದ ಮಾಡುತ್ತಿದ್ದರು. ಹತ್ತು ಕಪ್ ಕಾಂಪೋಸ್ಟಿನಲ್ಲಿ ಹೂತೆ. ಮೂರು ತಿಂಗಳಿಗೆ ಕಾಗದ ಹೋಗಿತ್ತು, ಒಳಗಿನ ತೆಳು ಪ್ಲಾಸ್ಟಿಕ್ ಪೊರೆ ಕಪ್ಪಿನ ಆಕಾರದಲ್ಲೇ ಉಳಿದಿತ್ತು. ಆ ಪೊರೆಗಳನ್ನು ತೊಳೆದು ದಾರಕ್ಕೆ ಕಟ್ಟಿ ಟೇಬಲ್ ಮೇಲೆ ತೂಗುಹಾಕಿದೆ. ಆಮೇಲೆ ಯಾರೂ ಪೇಪರ್ ಕಪ್ ಕೇಳಿಲ್ಲ. ನೂರು ಸ್ಟೀಲ್ ಲೋಟ ತಂದೆವು, ಒಂದಕ್ಕೆ 28 ರೂಪಾಯಿ ಬಿತ್ತು. ಈವರೆಗೆ ಕಳೆದಿದ್ದು ಒಂಬತ್ತು.

ಎಲ್‌ಇಡಿ ಬಲ್ಬನ್ನೂ ನೋಡಿದೆವು. ನಮ್ಮ ಬೀದಿಯ ಡಿಪ್ಲೊಮಾ ಹುಡುಗನಿಗೆ ಅದರ ಹುಚ್ಚು. ಒಳಗೆ ಸಣ್ಣ ಎಲ್‌ಇಡಿಗಳು ಸರಪಳಿ ಹಾಗೆ ಇರುತ್ತವೆ, ಒಂದು ಸುಟ್ಟರೆ ಎಲ್ಲ ಆರುತ್ತವೆ. ಸುಟ್ಟದ್ದನ್ನು ಬಿಟ್ಟು ಅಕ್ಕಪಕ್ಕ ಬೆಸುಗೆ ಹಾಕಿದರೆ ಬಲ್ಬ್ ಉರಿಯುತ್ತೆ. ಆದರೆ ಹಾಗೆ ಮಾಡಿದ ಹನ್ನೆರಡರಲ್ಲಿ ಎಂಟು ನಾಲ್ಕು ತಿಂಗಳೊಳಗೆ ಮತ್ತೆ ಹೋದವು. ಈಗ ಒಳಗಿನ ಪ್ಲೇಟನ್ನೇ ಬದಲಾಯಿಸುತ್ತಾನೆ, 25 ರೂಪಾಯಿ. ಅವು ಬಾಳಿಕೆ ಬರುತ್ತಿವೆ.

ಎಲೆಯ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ರಸ್ತೆಗಳಲ್ಲಿ ಹೊಂಗೆ ಜಾಸ್ತಿ. ಯುಗಾದಿಗೆ ಮುಂಚೆ ಎಲೆ ಉದುರಿ ರಾಶಿ ಬೀಳುತ್ತೆ, ಯಾರಾದರೂ ಬೆಂಕಿ ಇಡುತ್ತಾರೆ. ಆ ಎಲೆಯನ್ನು ಗೊಬ್ಬರ ಮಾಡೋಕೆ ಸೈಟಿನ ಬೇಲಿ ಪಕ್ಕ ಜಾಲರಿಯ ಮೂರು ಗೂಡು ಮಾಡಿದ್ದೇವೆ. ಎರಡು ಮೂಟೆ ಒಣ ಎಲೆ ತಂದವರಿಗೆ ಒಂದು ಕೆಜಿ ಗೊಬ್ಬರ ಪುಕ್ಕಟೆ, ಉಳಿದದ್ದು ಮಾರಾಟ. ಎಲೆ ಬೇಗ ಕೊಳೆಯೋಕೆ ಹಾಕುವ ಸಗಣಿ ನೀರು, ಹುಳಿ ಮಜ್ಜಿಗೆ ನಿಮಗೆ ಗೊತ್ತೇ ಇದೆ. ನಾನು ಅದಕ್ಕೆ ಮತ್ತೊಂದು ಸೇರಿಸುತ್ತೇನೆ, ಎಪ್ಪತ್ತು ದಿನಕ್ಕೆ ಜರಡಿ ಹಿಡಿಯೋ ಹಾಗೆ ಆಗುತ್ತೆ. ಅದೇನು ಅಂತ ಬಂದವರಿಗೆ ತೋರಿಸುತ್ತೇನೆ.

ಈಗಿನ ತಿಂಗಳ ಲೆಕ್ಕ ಸುಮಾರಾಗಿ ಹೀಗಿದೆ. ಟೇಬಲ್ ಕುರ್ಚಿ ಬಾಡಿಗೆ 700, ಲೋಟ ತೊಳೆದು ಸೈಟ್ ಗುಡಿಸುವ ಅಮ್ಮನಿಗೆ 500, ಟೀಗೆ 400. ಟೋಕನ್ನಿಗೆ ಹತ್ತು ರೂಪಾಯಿಯಂತೆ 700 ಬರುತ್ತೆ. ಗೊಬ್ಬರದ ಚೀಲ ಹದಿನೈದು ಹೋದರೆ 900. ಅಲ್ಲಿಗೆ ಸರಿಹೋಯಿತು. ಸಂಘದಿಂದ ಒಂದು ಪೈಸೆ ತಗೊಂಡಿಲ್ಲ. ವರ್ಷಕ್ಕೆ 600ರ ಮೇಲೆ ಸಾಮಾನು ಬರುತ್ತವೆ, ಹತ್ತರಲ್ಲಿ ಏಳು ಸರಿಯಾಗಿ ಮನೆಗೆ ಹೋಗುತ್ತವೆ. ಆಗದೇ ಇದ್ದದ್ದರ ಮೋಟಾರ್, ವೈರ್, ಸ್ಕ್ರೂ ಬಿಚ್ಚಿಟ್ಟು, ಮಿಕ್ಕಿದ್ದನ್ನು ಇ-ತ್ಯಾಜ್ಯದವರಿಗೆ ವರ್ಷಕ್ಕೆರಡು ಸಲ ಕೊಡುತ್ತೇವೆ.

ಲೆಕ್ಕದ ಪುಸ್ತಕದ ಆ ಹಿರಿಯರು ಈಗ ಟೋಕನ್ ಟೇಬಲ್ಲಿನಲ್ಲಿ ಕೂರುತ್ತಾರೆ. ಸಾಣೆಯವರಿಗೆ ಎರಡು ಅಪಾರ್ಟ್‌ಮೆಂಟಿನವರು ಗೇಟ್ ಪಾಸ್ ಮಾಡಿಕೊಟ್ಟಿದ್ದಾರೆ. ಅವರು ನನಗೆ ತೋರಿಸೋಕೇ ಅಂತ ಅದನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದರು.

ಮುಂದಿನ ತಿಂಗಳು ಹಾಸಿಗೆಯ ಹತ್ತಿ ಹಿಂಜುವವರನ್ನು ಕರೆದಿದ್ದೇನೆ. ಈಗಾಗಲೇ ಒಂಬತ್ತು ಹಾಸಿಗೆ ಹೆಸರು ಬರೆಸಿವೆ. ಧೂಳಿನದ್ದೇ ಯೋಚನೆ. ಹಳೇ ಸೀರೆಗಳನ್ನು ಹೊಲಿದು ನಾಲ್ಕು ಕಡೆ ಪರದೆ ಕಟ್ಟೋಣ ಅಂತಿದ್ದೇನೆ. ಈ ಭಾನುವಾರ ಒಂದು ಹಾಸಿಗೆ ಇಟ್ಟು ನೋಡಬೇಕು.