ಕೊನೆಯ ಅಕ್ಷರ ನುಂಗದಿದ್ದರೆ ಅಂಜಿಕೆ ಅರ್ಧ ಹೋಗುತ್ತದೆ: ಬಾಗಲಕೋಟೆಯ ತಾಲೀಮಿನ ಅನುಭವ

ಡಿಗ್ರಿ ಕಾಲೇಜಿನಲ್ಲಿ ನಾಟಕ-ಸಿನಿಮಾ ಪೇಪರ್ ಕಲಿಸುವವರಿಗೆ ಎದುರಾಗುವ ಮೊದಲ ಮಾತೇ ‘ಸರ, ಧೈರ್ಯ ಬರವಲ್ದು’. ಧೈರ್ಯ ತುಂಬುವ ಭಾಷಣ ಬಿಟ್ಟು ಉಸಿರಿಗೆ, ಕೈಗೆ, ಕಣ್ಣಿಗೆ ಒಂದೊಂದು ಕೆಲಸ ಹಚ್ಚುವ ಕ್ರಮ ನನ್ನದು. ‘ಈ ಹುಡುಗ್ರು ಬಾಯಿ ಬಿಡೂದಿಲ್ರಿ, ಮೊದಲ ಬೆಂಗಳೂರು ಕನ್ನಡ ಕಲಸ್ರಿ’ ಅಂದವರೇ ಹೆಚ್ಚು. ಅದೇ ಹುಡುಗ ಹುಡುಗಿಯರು ಈ ಸಲ ಬಯಲಿನಲ್ಲಿ ಕಾಲರ್ ಮೈಕ್ ಇಲ್ಲದೆ ಒಂದೂವರೆ ತಾಸು ನಾಟಕ ಆಡಿದರು, ಅದೇ ಕಥೆಯ ಹತ್ತು ನಿಮಿಷದ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದರು.

ಕೆಲಸಕ್ಕೆ ಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡಿ ಮುಂದಿನ ತಾಲೀಮು ಬೇಡ. ನಟ ತನ್ನ ಮುಖವನ್ನೇ ನೋಡುವುದು ಕಲಿಯುತ್ತಾನೆ, ಎದುರಿನವನ ಮಾತು ಕೇಳುವುದು ಮರೆಯುತ್ತಾನೆ. ಸಿನಿಮಾ ಡೈಲಾಗಿನ ಮಿಮಿಕ್ರಿಗೆ ಗ್ಯಾದರಿಂಗಿನಲ್ಲಿ ಸಿಳ್ಳೆ ಬೀಳುತ್ತದೆ ನಿಜ, ಆದರೆ ಆ ನಾಯಕನ ದನಿ ಕಸಿದುಕೊಂಡರೆ ಹುಡುಗನ ಹತ್ತಿರ ಏನೂ ಉಳಿದಿರುವುದಿಲ್ಲ. ಅಂಜುವವರನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಮರುದಿನ ಅವರು ಕ್ಲಾಸಿಗೇ ಬರುವುದಿಲ್ಲ.

ನನ್ನ ಕ್ರಮ ಶುರುವಾಗುವುದು ಹಿಮ್ಮೇಳದಿಂದ. ಕಲಾವಿದೆ ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತ ನಮ್ಮದೇ ಸೀಮೆಯ ಬಯಲಾಟ, ಅದರ ಹಿಮ್ಮೇಳದ ರೀತಿ ಇಲ್ಲಿಯ ಮಕ್ಕಳ ಕಿವಿಯಲ್ಲಿ ಆಗಲೇ ಇರುತ್ತದೆ. ಆರು ಜನ ಸೇರಿ ಒಂದೇ ಸಾಲನ್ನು ಎತ್ತಿ ಹೇಳಬೇಕು. ಎರಡು ದಿನಕ್ಕೊಮ್ಮೆ ಒಂದು ಕಂಠ ಕಡಿಮೆ ಮಾಡುತ್ತ ಹೋಗುತ್ತೇನೆ. ಕೊನೆಗೆ ಒಂದೇ ಕಂಠ ಉಳಿದಾಗ ಆ ಸಾಲು ಆಗಲೇ ಬಾಯಿಗೆ ರೂಢಿಯಾಗಿರುತ್ತದೆ, ಒಂಟಿಯಾದೆ ಅನ್ನುವುದು ಅರಿವಿಗೇ ಬರುವುದಿಲ್ಲ. ಇದರ ಮೇಲೆ ಅದೇ ಆಟದಲ್ಲಿ ಬರುವ, ಹಾಲು ಮಾರುವ ಗೊಲ್ಲತಿ ಮತ್ತು ಆಟ ನಡೆಸುವ ಭಾಗವತರ ಸಂವಾದದ ಮಾದರಿ: ಭಾಗವತ ಏನು ಬೇಕಾದರೂ ಕೇಳಬಹುದು, ಗೊಲ್ಲತಿ ತಡವರಿಸದೆ ತನ್ನ ಮನೆಯ ಮಾತಿನಲ್ಲೇ ಉತ್ತರ ಕೊಡಬೇಕು. ಪುಸ್ತಕದ ಕನ್ನಡ ಆಮೇಲೆ ಸಾಕು. ‘ಹೊಕ್ಕೀನಿ’ ಅನ್ನುವವಳಿಗೆ ‘ಹೋಗುತ್ತೇನೆ’ ಅನ್ನಿಸಿದರೆ ಅವಳ ಗಮನವೆಲ್ಲ ಪದದ ಮೇಲೇ ಹೋಗುತ್ತದೆ, ಎದುರಿನ ನಟ ಗೋಡೆಯಾಗಿಬಿಡುತ್ತಾನೆ.

ಈಗ ನಿಜವಾದ ವಿಷಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ‘ಇಲ್ಲ’ ಅನ್ನುವುದೂ ಅಲ್ಲೇ. ‘ಅಪ್ಪ ಊರಿಂದ ಬಂದಾನ’, ‘ಅಪ್ಪ ಊರಿಂದ ಬಂದಿಲ್ಲ’: ‘ಬಂ’ ಅನ್ನುವವರೆಗೆ ಎರಡೂ ಒಂದೇ. ಹೊಸ ನಟನ ಉಸಿರು ಮುಗಿಯುವುದು ಸರಿಯಾಗಿ ಅಲ್ಲಿಯೇ. ಅಪ್ಪ ಬಂದನೋ ಇಲ್ಲವೋ ತಿಳಿಯದೆ ಮುಂದೆ ಕುಳಿತವರು ಗುಸುಗುಸು ಮಾಡುತ್ತಾರೆ. ತನ್ನನ್ನೇ ನಗುತ್ತಿದ್ದಾರೆ ಅಂದುಕೊಂಡು ನಟನ ದನಿ ಇನ್ನೂ ಕೆಳಗಿಳಿಯುತ್ತದೆ. ಧೈರ್ಯ ಇಲ್ಲ ಅನ್ನುವುದರಲ್ಲಿ ಅರ್ಧಪಾಲು ಇದೇ.

ಇದಕ್ಕೆ ಸಾಲನ್ನು ತುದಿಯಿಂದ ಕಟ್ಟಿಸುತ್ತೇನೆ. ಮೊದಲು ‘ಬಂದಿಲ್ಲ’ ಮಾತ್ರ, ಆಮೇಲೆ ‘ಊರಿಂದ ಬಂದಿಲ್ಲ’, ಕೊನೆಗೆ ಪೂರಾ ಸಾಲು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಿಂದ ಓರೆಗೆರೆ. ದಿನಾ ಹಲ್ಲಿನ ಸಂದಿಯಿಂದ ‘ಸ್ಸ್’ ಅಂತ ಸಮವಾಗಿ ಉಸಿರು ಬಿಡುವ ಅಭ್ಯಾಸ. ಶುರುವಿಗೆ 10-12 ಸೆಕೆಂಡು ಬರುತ್ತದೆ, ತಿಂಗಳಲ್ಲಿ 25ರ ಆಸುಪಾಸು ಮುಟ್ಟುತ್ತಾರೆ. ಆಮೇಲೆ ಬಯಲಿಗೆ: ಇಬ್ಬರನ್ನು 10 ಅಡಿ ದೂರ ನಿಲ್ಲಿಸಿ, ಕೇಳುವವನು ಪ್ರತಿ ಸಾಲಿನ ಕೊನೆಯ ಪದವನ್ನಷ್ಟೇ ಚೀಟಿಯಲ್ಲಿ ಬರೆಯಬೇಕು. ಹತ್ತರಲ್ಲಿ ಎಂಟು ಸರಿಯಾದರೆ 20 ಅಡಿ, ಆಮೇಲೆ 40, 60. ತಪ್ಪಿದರೆ ಜೋರು ಮಾಡಲು ಬಿಡುವುದಿಲ್ಲ, ದವಡೆ ಬಿಚ್ಚಿ ನಿಧಾನ ಹೇಳಿಸುತ್ತೇನೆ. ಕತ್ತಿನ ನರ ಉಬ್ಬಿದರೆ ಅದು ಒದರುವುದೇ, ಎರಡು ದಿನದಲ್ಲಿ ಗಂಟಲು ಕಟ್ಟುತ್ತದೆ.

ಕೈಗೆ ಕೆಲಸ ಬೇಕು. ರುಮಾಲು ಸುತ್ತುತ್ತ, ಕಾಳು ಹಸನ ಮಾಡುತ್ತ ಮಾತು ಹೇಳಿಸಿ, ನಡುಗುವ ಕೈ ತಾನಾಗಿ ನಿಲ್ಲುತ್ತದೆ. ಬಿಡಿ ಹಾಳೆ ಕೊಡಬೇಡಿ, ಸಣ್ಣ ನಡುಕವನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. ರಟ್ಟಿನ ಪ್ಯಾಡಿಗೆ ಕ್ಲಿಪ್ ಹಾಕಿ. ಮೊಣಕಾಲು ಬಿಗಿಹಿಡಿದು ಬಹಳ ಹೊತ್ತು ನಿಂತರೆ ತಲೆ ಸುತ್ತುತ್ತದೆ, ಸ್ವಲ್ಪ ಸಡಿಲ ಇರಲಿ. ಮಾತು ಬಾಯಿಪಾಠ ಆಗುವ ತನಕ ರಾಗ ಬೇಡ, ನಡೆಯುತ್ತ ಸಪಾಟಾಗಿ ಹೇಳಲಿ. ಮೊದಲೇ ಕೂತ ರಾಗವನ್ನು ಕೀಳುವುದು ಕಷ್ಟ.

ಕ್ಯಾಮೆರಾ ಕೊನೆಗೆ. ಸೆಲ್ಫಿ ಕ್ಯಾಮೆರಾ ಖಂಡಿತ ಬೇಡ, ಹಿಂದಿನ ಕ್ಯಾಮೆರಾ ಬಳಸಿ. ಲೆನ್ಸಿನ ಪಕ್ಕ ಒಂದು ಟಿಕಳಿ ಅಂಟಿಸಿದರೆ ಕಣ್ಣು ಅಲೆದಾಡುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಮೊಬೈಲಿನಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಬರುವುದಿಲ್ಲ. ಒಂದೇ ಸಾಲನ್ನು ಮೂರು ಅಳತೆಗೆ ತೆಗೆಯಿರಿ: ಬಯಲಿನಲ್ಲಿ 30 ಅಡಿಗೆ, ಕೋಣೆಯಲ್ಲಿ ಆರಡಿಗೆ, ಮುಖದಿಂದ ಒಂದೂವರೆ ಅಡಿಗೆ. ದನಿ ಎಷ್ಟು ಇಳಿಸಿದರೂ ಕೊನೆಯ ಅಕ್ಷರ ಇರಲೇಬೇಕು. ತೆಗೆದದ್ದನ್ನು ಅಂದೇ ತೋರಿಸಬಾರದು. ಮರುದಿನ ಮೊದಲು ದನಿ ಬಂದ್ ಮಾಡಿ ನೋಡಬೇಕು, ಆಮೇಲೆ ಕಣ್ಣು ಮುಚ್ಚಿ ಕೇಳಬೇಕು, ಮೂರನೇ ಸಲ ಎರಡೂ. ‘ಚೊಲೊ ಆತು’ ಅನ್ನುವುದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ. ಉಳಿಸಿಕೊಳ್ಳಬೇಕಾದ್ದು ಒಂದು, ಬದಲಿಸಬೇಕಾದ್ದು ಒಂದು, ಅಷ್ಟೇ ಹೇಳಬೇಕು. ಇಷ್ಟಾದರೂ ನಟಿಸಲು ಹಿಂಜರಿಯುವವರಿಗೆ ಕಂಟಿನ್ಯೂಯಿಟಿ ವಹಿ ಕೊಡಿ, ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ ತಪ್ಪದಂತೆ ಎಲ್ಲ ಬರೆದಿಡುವ ವಹಿ ಅದು: ಯಾವ ಪದಕ್ಕೆ ಚಹಾದ ಕಪ್ಪು ಎತ್ತಿದರು, ಸೆರಗು ಯಾವ ಭುಜದ ಮೇಲಿತ್ತು. ಎಲ್ಲರೂ ಬಂದು ಅವರನ್ನೇ ಕೇಳುವಂತಾದಾಗ ಅವರ ದನಿಯೂ ಗಟ್ಟಿಯಾಗುತ್ತದೆ.

ರೊಕ್ಕದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಟ್ರೈಪಾಡ್ ಸಾವಿರದ ಮೇಲೆ ಸ್ವಲ್ಪ, ಚಿತ್ರಕ್ಕೆ ವೈರಿನ ಕಾಲರ್ ಮೈಕ್ ಎಂಟುನೂರರ ಹತ್ತಿರ, ಬೆಳಕು ತಿರುಗಿಸಲು ಥರ್ಮಾಕೋಲ್ ಹಾಳೆ ನೂರರೊಳಗೆ. ಇದರ ಮೇಲೆ 500 ವ್ಯಾಟಿನ ಹ್ಯಾಲೊಜನ್ ಎರಡು, ಬಾಡಿಗೆಗೆ. ಅವನ್ನು ಪ್ರಯೋಗದ ದಿನ ಮಾತ್ರ ತರಿಸಿದರೆ ಕಣ್ಣು ಕುಕ್ಕಿ ನಟರು ಕಲ್ಲಾಗುತ್ತಾರೆ, ವಾರ ಮುಂಚೆಯೇ ಹಚ್ಚಿ ರೂಢಿ ಮಾಡಿಸಿ. ಕೋಣೆಯ ಗುಂಯ್ ಸದ್ದಿಗೆ ತತ್ತಿಯ ಟ್ರೇ ಅಂಟಿಸಿದ್ದು ದಂಡ. ಮನೆಮನೆಯಿಂದ ಕೌದಿ ತರಿಸಿ, ಗೋಡೆಗೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿದೆವು. ಖರ್ಚು ಹಗ್ಗದ್ದಷ್ಟೇ. ಸ್ಟುಡಿಯೋದವರೂ ಬಂದು ಕೇಳಿ ಒಪ್ಪಿಕೊಂಡರು.

ವಿಜಯಪುರದ ಗೋಳಗುಮ್ಮಟದಲ್ಲೂ ಒಂದು ಪ್ರಯೋಗ ಮಾಡಿಸಬಹುದು. ಬಾಗಿಲು ತೆರೆದ ಕೂಡಲೇ, ಪ್ರವಾಸಿಗರ ಕೂಗಾಟ ಶುರುವಾಗುವ ಮೊದಲು ಹೋಗಬೇಕು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಆಡಿದ್ದು ಹಲವು ಸಲ ಮರಳಿ ಬರುತ್ತದೆ, ಅವಸರದಲ್ಲಿ ಆಡಿದರೆ ಪದಗಳು ಒಂದರ ಮೇಲೊಂದು ಬಿದ್ದು ಕಲಸುತ್ತವೆ. ಮರುದನಿ ಆರುವ ತನಕ ಸುಮ್ಮನೆ ನಿಲ್ಲುವುದು ಅಲ್ಲಿ ಅನಿವಾರ್ಯ. ರಂಗದ ಮೇಲೆ ಮೌನಕ್ಕೆ ಹೆದರುವವರಿಗೆ ಇದು ನಾನು ಕಂಡ ಒಳ್ಳೆಯ ಮದ್ದು.

ಪ್ರವೇಶಕ್ಕೆ ಮುಂಚಿನ ಐದು ನಿಮಿಷ ಪರದೆಯ ಹಿಂದೆ ಏನು ಮಾಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ತಾಲೀಮಿಗೆ ಬಂದವರಿಗೆ ಮಾತ್ರ. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ: ಏಪ್ರಿಲ್, ಮೇ ಬಿಸಿಲಿನಲ್ಲಿ ನಮ್ಮ ಕಡೆ ಮೊಬೈಲು ಕಾದು ರೆಕಾರ್ಡಿಂಗು ನಡುವೆಯೇ ನಿಲ್ಲುತ್ತದೆ, ಕಷ್ಟಪಟ್ಟು ಹದಕ್ಕೆ ಬಂದ ನಟ ಅಲ್ಲೇ ಕುಸಿಯುತ್ತಾನೆ. ಚಿತ್ರೀಕರಣ ಮುಂಜಾನೆ ಆರೂವರೆಯಿಂದ ಒಂಬತ್ತರೊಳಗೆ ಮುಗಿಸಿ, ಮೊಬೈಲಿನ ಕವರು ತೆಗೆದಿಡಿ.