ಮೊದಲ ಮಾತ್ರೆಗೆ ಮುಂಚಿನ ಹದಿನೈದು ನಿಮಿಷ

ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ (ಬಿಪಿ, ಎದೆನೋವು ತಗ್ಗಿಸುವ ಅಮ್ಲೋಡಿಪಿನ್, ವೆರಾಪಮಿಲ್, ಡಿಲ್ಟಿಯಾಜೆಮ್ ಥರದ ಔಷಧಿ) ಬರೆಯುವ ಮುನ್ನ ವಿಚಾರಿಸಿ ಪರೀಕ್ಷಿಸಲು ಪ್ರತಿ ರೋಗಿಗೆ ಹದಿನೈದು ನಿಮಿಷ ಕೊಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. "ಒಂದು ಅಮ್ಲೋಡಿಪಿನ್ ಬರೆಯಲು ಇಷ್ಟೊಂದು ಶಾಸ್ತ್ರವೇ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಾಲ್ಕು ಜನರ ಎದುರೇ ಕೇಳಿದ್ದರು. ಈಗ ನಾಲ್ಕು ವರ್ಷವಾಗಿದೆ, ಆರು ನೂರರ ಆಸುಪಾಸು ರೋಗಿಗಳಾಗಿದ್ದಾರೆ. ಬಿಪಿ ಅಳೆಯುವುದು, ಇಸಿಜಿ ಓದುವುದು ನಿಮಗೆ ಗೊತ್ತಿರುವ ಕೆಲಸ. ಉಳಿದದ್ದನ್ನು ಬರೆಯುತ್ತೇನೆ.

ಇದು ಶುರುವಾದದ್ದು ನನ್ನದೇ ತಪ್ಪಿನಿಂದ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಎದೆನೋವೆಂದು ಬಂದಿದ್ದರು. ವೆರಾಪಮಿಲ್ ಬರೆಯುವ ಮುಂಚೆ "ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದೆ. "ಯಾವುದೂ ಇಲ್ಲ ಡಾಕ್ಟರೇ" ಎಂದರು. ಅವರು ಹೇಳಿದ್ದು ನಿಜವೇ. ಐದನೆಯ ದಿನ ತಲೆಸುತ್ತಿ ಬಿದ್ದರು, ನಾಡಿ ಮೂವತ್ತೆಂಟೋ ನಲವತ್ತೋ ಇತ್ತು. ಕಾರಣ ಅವರ ಅಂಗಿಯ ಜೇಬಿನಲ್ಲೇ ಇತ್ತು: ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆಗೆ) ಹಾಕಿಕೊಳ್ಳುತ್ತಿದ್ದ ಟಿಮೊಲಾಲ್ ಹನಿ. ಅದು ಬೀಟಾ ಬ್ಲಾಕರ್, ವೆರಾಪಮಿಲ್ ಹಾಗೆಯೇ ನಾಡಿಯನ್ನು ನಿಧಾನಿಸುವ ಔಷಧಿ. ಕಣ್ಣಿನಿಂದ ಮೂಗಿನೊಳಕ್ಕೆ ಇಳಿದು, ಯಕೃತ್ತಿನ ಕೈಗೆ ಸಿಗದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. "ಕಣ್ಣಿನ ಔಷಧಿಗೂ ಎದೆಗೂ ಏನು ಸಂಬಂಧ?" ಎಂದು ಅವರ ಮಗ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಪುಣ್ಯಕ್ಕೆ ಹಿರಿಯರು ಉಳಿದುಕೊಂಡರು.

ಮರುವಾರವೇ ನಲವತ್ತು ಪ್ರಶ್ನೆಗಳ ಫಾರಂ ಮಾಡಿಸಿ ಸಾವಿರ ಪ್ರತಿ ಅಚ್ಚು ಹಾಕಿಸಿದೆ. ಎಲ್ಲರೂ ಎಲ್ಲ ಸಾಲಿಗೂ 'ಇಲ್ಲ' ಎಂದು ಗೀಚಿ ಕೊಟ್ಟರು. ಆ ಹಾಳೆಗಳ ಬೆನ್ನಿನ ಮೇಲೆ ಇವತ್ತಿಗೂ ನಮ್ಮ ಕ್ಲಿನಿಕ್ಕಿನ ಲೆಕ್ಕ ಬರೆಯುತ್ತಿದ್ದೇವೆ. ಆಮೇಲೆ "ಮನೆಯಲ್ಲಿರುವ ಔಷಧಿಯನ್ನೆಲ್ಲ ಚೀಲದಲ್ಲಿ ತನ್ನಿ" ಎಂದೆ. ತಂದರು, ಆದರೆ ತಮಗೆ ಮುಖ್ಯವೆನಿಸಿದ್ದನ್ನು ಮಾತ್ರ. ಕೊನೆಗೆ ಕೆಲಸ ಮಾಡಿದ್ದು ಚೀಲದ ಜೊತೆಗೆ ಮೈಯ ಲೆಕ್ಕದಲ್ಲಿ ಕೇಳುವುದು. ನೆತ್ತಿಯಿಂದ ಶುರು: ಕಣ್ಣಿಗೆ ಏನಾದರೂ ಬಿಡುತ್ತೀರಾ, ಮೂಗಿಗೆ, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆಯೇ, ಹೋದ ತಿಂಗಳು ಕೆಮ್ಮಿಗೆ ಏನು ನುಂಗಿದಿರಿ, ಹೀಗೆ ಪಾದದವರೆಗೆ. 'ಮಾತ್ರೆ' ಎಂಬ ಪದವನ್ನು ಬಾಯಿಗೇ ತರುವುದಿಲ್ಲ. ಮನೆಯವರ ಮಾತ್ರೆಯನ್ನು ಎರವಲು ನುಂಗುವವರ ಬಾಯಿ ಬಿಡಿಸಲು ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದು ಗುಟ್ಟಾಗಿಯೇ ಇರಲಿ, ಕಂಡುಹಿಡಿಯಲು ನನಗೆ ಎರಡು ವರ್ಷ ಹಿಡಿಯಿತು.

ಹಣದ ವಿಷಯಕ್ಕೆ ಬರುತ್ತೇನೆ. ದಿನಕ್ಕೆ ಐದಾರು ರೋಗಿಗಳು ಕಡಿಮೆಯಾದರು. ಮೊದಲ ಆರು ತಿಂಗಳು ಆದಾಯದಲ್ಲಿ ಕಾಲು ಭಾಗ ಹೋಯಿತು. ಚೀಲ ತೆಗೆದು ಪಟ್ಟಿ ಮಾಡಲು ಇಟ್ಟುಕೊಂಡ ಸಹಾಯಕಿಯ ಸಂಬಳ ನನ್ನ ಜೇಬಿನಿಂದಲೇ. ಉಳಿಸುತ್ತೇನೆಂದು ಬಳಸಿದ ಇಸಿಜಿ ಯಂತ್ರ ತಂದೆ. ಎರಡು ಸಲ ರಿಪೇರಿ, ಒಮ್ಮೆ ತಂತಿಗಳ ಬದಲಾವಣೆ, ಒಟ್ಟು ಲೆಕ್ಕ ಹಾಕಿದರೆ ಹೊಸದನ್ನೇ ಕೊಳ್ಳಬಹುದಿತ್ತು. ಬೇರೆ ಶುಲ್ಕ ಹಾಕಲಿಲ್ಲ. ಹದಿನಾಲ್ಕೋ ಹದಿನೈದೋ ತಿಂಗಳಿಗೆ ಸರಿದೂಗಿತು, ಏಕೆಂದರೆ ಬಂದವರು ಬಿಟ್ಟು ಹೋಗಲಿಲ್ಲ, ನೆಂಟರನ್ನೂ ಕಳುಹಿಸಿದರು.

ಚೀಲದಲ್ಲಿ ಸಿಕ್ಕಿದ್ದೇನು? ಎಲ್ಲಕ್ಕಿಂತ ಹೆಚ್ಚಾಗಿ, ಒಂದೇ ಔಷಧಿ ಎರಡು ಹೆಸರಿನಲ್ಲಿ. ಒಬ್ಬರು ಅಮ್ಲೋಡಿಪಿನ್ 10 ಮಿಗ್ರಾಂ ಒಂದು ಪಟ್ಟಿಯಿಂದ, ಅಟೆನೊಲಾಲ್ (ಇದೂ ಬೀಟಾ ಬ್ಲಾಕರೇ) ಜೊತೆ ಬೆರೆತ 5 ಮಿಗ್ರಾಂ ಇನ್ನೊಂದರಿಂದ ನುಂಗುತ್ತಿದ್ದರು. ಇಂಥವರಿಗೆ ಯಾರಾದರೂ ಡಿಲ್ಟಿಯಾಜೆಮ್ ಸೇರಿಸಿದ್ದರೆ ನನ್ನ ಹಳೆಯ ಕಥೆಯೇ ಮರುಕಳಿಸುತ್ತಿತ್ತು. ಆಮೇಲೆ ಸಿಮ್ವಾಸ್ಟಾಟಿನ್ 40 ಮಿಗ್ರಾಂ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್. ಅಮ್ಲೋಡಿಪಿನ್ ಜೊತೆ ಅದಕ್ಕೆ 20 ಮಿತಿ, ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಜೊತೆ 10. ನಾನು ಸ್ಟಾಟಿನ್ನನ್ನೇ ಬದಲಿಸಿಬಿಡುತ್ತೇನೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೋರ್ಸ್ ಅರ್ಧದಲ್ಲಿದ್ದವರೂ ಸಿಕ್ಕರು. ವಯಸ್ಸಾದವರಲ್ಲಿ ಇದರ ಮತ್ತು ಕ್ಯಾಲ್ಸಿಯಂ ಬ್ಲಾಕರಿನ ಜೋಡಿ ಬಿಪಿಯನ್ನು ನೆಲಕ್ಕಿಳಿಸಿ ಕಿಡ್ನಿಯನ್ನೂ ಎಳೆದುಕೊಂಡು ಹೋಗಬಲ್ಲದು. ಅಜಿಥ್ರೊಮೈಸಿನ್‌ಗೆ ಈ ಜಗಳ ಇಲ್ಲ.

ವೆರಾಪಮಿಲ್, ಡಿಲ್ಟಿಯಾಜೆಮ್ ಎಂದರೆ ಇಸಿಜಿ ಇಲ್ಲದೆ ಪೆನ್ನು ಎತ್ತುವುದಿಲ್ಲ. ಎದೆ ಬಡಿತವೆಂದು ಬಂದ ಯುವಕನೊಬ್ಬನ ಇಸಿಜಿಯಲ್ಲಿ ಪಿಆರ್ ಗಿಡ್ಡ, ಡೆಲ್ಟಾ ಅಲೆ ಸ್ಪಷ್ಟ: ಹೃದಯದ ವಿದ್ಯುತ್ತಿಗೆ ಒಂದು ಅಡ್ಡದಾರಿ ಇದೆ ಎಂಬ ಗುರುತು. ಅವನಿಗೆ ವೆರಾಪಮಿಲ್ ಕೊಟ್ಟು, ಮೇಲೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳ ಅಂಕೆಯಿಲ್ಲದ ಬಡಿತ) ಬಂದಿದ್ದರೆ ಅದು ಅಡ್ಡದಾರಿಯಲ್ಲಿ ಇಳಿದು ಪ್ರಾಣಕ್ಕೇ ಎರವಾಗಬಹುದಿತ್ತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಒಂದು ಹಾಳೆ ಇಡೀ ಯಂತ್ರದ ಖರ್ಚನ್ನು ತೀರಿಸಿತು ಎಂದುಕೊಂಡಿದ್ದೇನೆ. ಪಂಪಿಂಗ್ ಕುಗ್ಗಿದ ಹೃದಯಕ್ಕೂ ಈ ಎರಡೂ ಬೇಡ. ಎಕೋ (ಹೃದಯದ ಸ್ಕ್ಯಾನ್) ಮಾಡಿಸುವ ಮೊದಲು ಸ್ಟೆತಸ್ಕೋಪ್ ಇಡಿ: ಕುತ್ತಿಗೆಗೆ ಹರಿಯುವ ಮರ್ಮರ (ಮಹಾಪಧಮನಿಯ ಕವಾಟ ಕಿರಿದಾಗಿರುವ ಸುಳಿವು) ಕೇಳಿದರೆ ಅಮ್ಲೋಡಿಪಿನ್ ಕೂಡ ಕಾಯಲಿ.

ನಡುವೆ ಒಂದು ಹುಚ್ಚು ಪ್ರಯೋಗ. ಅಮ್ಲೋಡಿಪಿನ್‌ನಿಂದ ಕಾಲು ಊದಿದರೆ ಅದು ಮೊದಲೇ ಇದ್ದದ್ದೋ ಔಷಧಿಯದೋ ಎಂಬ ವಾದ ಮುಗಿಯುವುದಿಲ್ಲ. ಹಾಗಾಗಿ ಮೊದಲ ದಿನವೇ ದರ್ಜಿಯ ಟೇಪಿನಿಂದ ಪಾದದ ಗಂಟಿನ ಸುತ್ತಳತೆ ತೆಗೆದೆ. ಆರು ವಾರದ ಅಳತೆ ಕಸವಾಯಿತು: ಬೆಳಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ! ಈಗ ಅಳತೆಯ ಪಕ್ಕ ಗಂಟೆ ಬರೆಯುತ್ತೇವೆ. ಊದಿದವರಿಗೆ ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಸುರಿಯುವ ಚಟ ಬಿಟ್ಟಿದ್ದು ಇದರಿಂದಲೇ. ಅದು ಈ ಊತವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಡೋಸ್ ಇಳಿಸಿದರೆ ಅಥವಾ ಎಆರ್‌ಬಿ (ಲೊಸಾರ್ಟನ್ ಥರದ ಬಿಪಿ ಔಷಧಿ) ಸೇರಿಸಿದರೆ ತಗ್ಗುತ್ತದೆ. ಗ್ರೇಪ್‌ಫ್ರೂಟ್ (ಚಕ್ಕೋತದ ಜಾತಿಯ ಹಣ್ಣು) ರಸ ಕುಡಿಯುತ್ತೀರಾ ಎಂಬ ವಿಚಾರಣೆಯನ್ನೂ ಆರು ತಿಂಗಳು ನಡೆಸಿದೆ. ಮದ್ಯದ ರುಚಿ ಮರೆಮಾಚಲು 1989ರ ಒಂದು ಪ್ರಯೋಗದಲ್ಲಿ ಬಳಸಿದ ಈ ರಸವೇ ಅಮ್ಲೋಡಿಪಿನ್ ಗುಂಪಿನದೇ ಆದ ಫೆಲೊಡಿಪಿನ್ ಮಟ್ಟವನ್ನು ಏರಿಸಿ ಸಂಶೋಧಕರನ್ನು ಬೆಚ್ಚಿಬೀಳಿಸಿತ್ತು. ಅಮ್ಲೋಡಿಪಿನ್ ಮೇಲೆ ಅದರ ಪ್ರಭಾವ ಅಲ್ಪ. ಫೆಲೊಡಿಪಿನ್, ನಿಫೆಡಿಪಿನ್, ವೆರಾಪಮಿಲ್ ಬರೆಯುವಾಗ ಮಾತ್ರ ಕೇಳಿದರೆ ಸಾಕೆಂದು ನಿಲ್ಲಿಸಿದೆ.

ದುರ್ಬಲ ವೃದ್ಧರಿಗೆ, ಯಕೃತ್ತು ಸೋತವರಿಗೆ ಅಮ್ಲೋಡಿಪಿನ್ 2.5 ಮಿಗ್ರಾಂನಿಂದ ಆರಂಭ. ನಿಂತಾಗಿನ ಬಿಪಿ ಕಡ್ಡಾಯ. ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ) 30ರಿಂದ 50 ಗಂಟೆ ಇರುವ ಔಷಧಿ ನೆಲೆಗೊಳ್ಳಲು ಒಂದು ವಾರ ಬೇಕು. ಮೂರನೆಯ ದಿನಕ್ಕೇ "ಇಳಿದಿಲ್ಲ" ಎಂದು ಏರಿಸಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬೇಡಿ ಎಂಬುದಷ್ಟೇ ಸಾಲದು. ನಿಫೆಡಿಪಿನ್‌ನ ಖಾಲಿ ಕವಚವನ್ನು ಮಲದಲ್ಲಿ ಕಂಡು, ಔಷಧಿ ಕರಗದೆ ಬಂತೆಂದು ಇನ್ನೊಂದು ನುಂಗಿ ಬಂದವರು ಇದ್ದರು. ಈಗ ಆ ಮಾತನ್ನೂ ಮುಜುಗರವಿಲ್ಲದೆ ಮೊದಲೇ ಹೇಳುತ್ತೇನೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆಯೇ ಎಂದೂ ಕೇಳುತ್ತೇನೆ. ಇವುಗಳಲ್ಲಿ ಒಂದೆರಡು ಮಾತ್ರೆಯೇ ಮಗುವಿನ ಪ್ರಾಣ ತೆಗೆಯಬಲ್ಲದು, ಡಬ್ಬಿ ಎಲ್ಲಿಡುತ್ತಾರೆಂದು ತಿಳಿಯದೆ ಚೀಟಿ ಕೊಡುವುದಿಲ್ಲ.

ಅಂದು ಶಾಸ್ತ್ರ ಎಂದು ಹಂಗಿಸಿದ ಹಿರಿಯರು ಈಚೆಗೆ ಫೋನ್ ಮಾಡಿ ನನ್ನ ಪ್ರಶ್ನೆಗಳ ಪಟ್ಟಿ ಕೇಳಿದರು. ಕಳುಹಿಸಿದೆ, ಟೇಪಿನ ಕಥೆ ಸಮೇತ. ನಾನೀಗ ಒಸಡಿನ ಹಿಂದೆ ಬಿದ್ದಿದ್ದೇನೆ. ಈ ಔಷಧಿಗಳಿಂದ ಒಸಡು ಬೆಳೆಯುತ್ತದೆಂದು ಎಲ್ಲರಿಗೂ ಗೊತ್ತು, ಬಾಯಿ ತೆರೆಸಿ ನೋಡುವವರು ಎಷ್ಟು ಜನ? ಮೂರು ತಿಂಗಳಿಂದ ಮೊದಲ ದಿನವೇ ಫೋಟೋ ತೆಗೆದಿಡುತ್ತಿದ್ದೇನೆ. ಸಹಾಯಕಿ ಇದಕ್ಕೂ ಹೆಚ್ಚುವರಿ ಸಂಬಳ ಕೇಳಿದ್ದಾಳೆ.